ಎಮ್ಮೆಗೆಂದು ಹಾಕಿದ ಬಾಗಿಲು

ಎರಡು ವರ್ಷದ ಹಿಂದಿನ ಮಾತು. ಆರ್ಕಿಟೆಕ್ಚರ್ ಓದು ಮುಗಿಸಿ ಹೊಸಪೇಟೆಯ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಮಲಾಪುರದ ಹತ್ತಿರ, ಕಾಲುವೆಯ ಪಕ್ಕದ ಅರ್ಧ ಎಕರೆ ಜಾಗದಲ್ಲಿ ಮಕ್ಕಳಿಗೊಂದು ಆಟದ ಪಾರ್ಕ್ ಮಾಡಿಸಬೇಕೆಂದು ಒಂದು ಟ್ರಸ್ಟ್‌ನವರು ನಮ್ಮಲ್ಲಿಗೆ ಬಂದರು. ಅವರದು ಒಂದೇ ಷರತ್ತು. ಓಡಾಡುವ ಮಕ್ಕಳು, ಗಾಲಿಕುರ್ಚಿಯ ಮಕ್ಕಳು, ಕಣ್ಣು ಕಾಣದ ಮಕ್ಕಳು ಎಲ್ಲರೂ ಕೂಡಿ ಆಡುವಂತಿರಬೇಕು. ಅಂಗವಿಕಲರಿಗೆಂದು ಮೂಲೆಯಲ್ಲಿ ಬೇರೆ ಜೋಕಾಲಿ ಕಟ್ಟಬಾರದು. ನಮ್ಮ ಸರ್ ನಕ್ಷೆಯ ಕೆಲಸವನ್ನು ಪೂರ್ತಿ ನನಗೇ ಬಿಟ್ಟರು. ನನ್ನದು ಮಾತು ಕಡಿಮೆ. ಅಂದು ಸಂಜೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಆದರೆ ಅನ್ನ ಕಲಸಿದ ಕೈ ತಟ್ಟೆಯಲ್ಲೇ ನಿಂತುಹೋಗಿದ್ದನ್ನು ಅಮ್ಮ ನೋಡಿ, ಏನಾಯಿತೆಂದು ಕೇಳಿದ್ದು ನೆನಪಿದೆ.

ಮೊದಲ ವಾರವೇ ಅಳತೆ ಟೇಪು ಹಿಡಿದು ಊರಿನ ಶಾಲೆಗೆ ಹೋದೆ. ಅಲ್ಲಿ ಅಶ್ವಿನಿ ಸಿಕ್ಕಳು. ಹತ್ತು ವರ್ಷದ ಹುಡುಗಿ, ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲ. ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ತಿರುಗಾಡುತ್ತಾಳೆ, ಬಾಯಿ ಜೋರು. ಅವಳ ಕುರ್ಚಿಯ ಅಗಲ, ಮೊಣಕಾಲಿನ ಎತ್ತರ, ಕುಳಿತಲ್ಲಿಂದ ಕೈ ಎಷ್ಟು ದೂರ ಚಾಚುತ್ತದೆ ಎಂಬುದನ್ನೆಲ್ಲ ಬರೆದುಕೊಂಡೆ. ಏನೇನು ಆಟ ಬೇಕೆಂದು ಕೇಳಿದಾಗ ಅವಳು ತಿರುಗಿ ನನ್ನನ್ನೇ ಕೇಳಿದಳು.

“ಅದಿರ್ಲಿ ಅಕ್ಕ. ನನ್ನ ಎತ್ತಿ ಕುಂದ್ರಸೋರು ಯಾರು?”

ಅವಳ ತಾಯಿ ರೇಣುಕಾ ಬಾಳೆ ತೋಟದ ಕೂಲಿಗೆ ಹೋಗುವವರು. ಅಶ್ವಿನಿಯನ್ನು ಜಾರುಬಂಡೆಗೆ, ಜೋಕಾಲಿಗೆ, ಬಸ್ಸಿಗೆ, ಎಲ್ಲದಕ್ಕೂ ಅವರೇ ಎತ್ತಬೇಕು. ಎತ್ತಿದಾಗ ಉಳಿದ ಮಕ್ಕಳು ಆಟ ನಿಲ್ಲಿಸಿ ನೋಡುತ್ತಾರಂತೆ. ಅದು ಅವಳಿಗೆ ಆಗದು.

“ಯಾರೂ ಎತ್ತಂಗಿಲ್ಲ,” ಎಂದೆ. “ರಸ್ತೆಯಿಂದ ಒಳಗಿನ ಕಡೀ ಆಟದ ತನಕ ನೀನಽ ಹೋಗ್ತಿ.”

ಸಾಮಾನ್ಯವಾಗಿ ನಾನು ಹಾಗೆ ಮಾತು ಕೊಡುವವಳಲ್ಲ. ಆದರೆ ಕೊಟ್ಟಮೇಲೆ ಎಂಟು ತಿಂಗಳು ಅದರ ಹಿಂದೆಯೇ ಓಡಿದೆ. ತಿರುಗುವ ಚಕ್ರವನ್ನು ನೆಲಕ್ಕೆ ಸಮವಾಗಿ ಕೂರಿಸಿದೆವು, ಕುರ್ಚಿ ಹಾಗೇ ಉರುಳಿಕೊಂಡು ಅದರ ಮೇಲೆ ಹೋಗಬಹುದು. ಮರಳಾಟಕ್ಕೆ ಎತ್ತರದ ಕಟ್ಟೆ ಕಟ್ಟಿಸಿ, ಅದರ ಕೆಳಗೆ ಮೊಣಕಾಲು ತೂರುವಷ್ಟು ಜಾಗ ಬಿಟ್ಟೆವು. ಕಣ್ಣು ಕಾಣದ ಮಕ್ಕಳಿಗೆ ದಾರಿ ತಿಳಿಯಲೆಂದು ಕೈಯಳತೆಯಲ್ಲಿ ಗಂಟೆ ಕಟ್ಟಿದ ಹಗ್ಗ. ಗದ್ದಲವಾದರೆ ಹೆದರುವ ಮಕ್ಕಳು ಹೋಗಿ ಕೂರಲು ಬೇವಿನ ಮರದ ಕೆಳಗೆ ಸಣ್ಣ ಗುಡಿಸಲಿನಂಥ ಗೂಡು. ಏರುದಾರಿ ಪ್ರತಿ ಹನ್ನೆರಡು ಅಡಿಗೆ ಒಂದೇ ಅಡಿ ಏರಬೇಕು. ಮೇಸ್ತ್ರಿ ಎರಡು ಇಂಚು ಹೆಚ್ಚು ಮಾಡಿದ್ದನ್ನು ನಾನು ಒಡೆಸಿ ಮತ್ತೆ ಹಾಕಿಸಿದ್ದೆ. ಇಷ್ಟು ಸಣ್ಣ ಹುಡುಗಿಗೆ ಇಷ್ಟು ಹಟವೇ ಎಂದು ಅವರು ಸರ್ ಬಳಿ ದೂರಿದ್ದರು.

ಉದ್ಘಾಟನೆಗೆ ಮೂರು ವಾರವಿದ್ದಾಗ ಎಮ್ಮೆಗಳು ನುಗ್ಗಿದವು. ಕಾಲುವೆಯ ದಂಡೆಯ ಮೇಲೆ ಮೇಯಿಸುವ ಹುಲಿಗೆಮ್ಮ ಎಂಬ ಹೆಂಗಸಿನ ಎಮ್ಮೆಗಳು. ನೆಟ್ಟ ಗಿಡಗಳನ್ನೆಲ್ಲ ತಿಂದು, ಹಸಿ ಮಣ್ಣಿನಲ್ಲಿ ಹೊರಳಾಡಿ ಹೋಗಿದ್ದವು. ಕಾವಲುಗಾರ ಹುಲಿಗೆಮ್ಮ ಅವರನ್ನು ಬೈದ, ಅವರು ಅವನನ್ನು ಅದರ ಎರಡರಷ್ಟು ಬೈದರು. ಆ ಸಂಜೆ ಟ್ರಸ್ಟ್‌ನವರು ಫೋನ್ ಮಾಡಿ ಏನಾದರೂ ಮಾಡಿ ಎಂದರು. ನಾನು ನಮ್ಮ ಹಳೆಯ ಕೆಲಸವೊಂದರ ನಕ್ಷೆಯಿಂದ ಬಾಗಿಲಿನ ಭಾಗವನ್ನು ಎತ್ತಿ ಇದಕ್ಕೆ ಸೇರಿಸಿ, ಹತ್ತೇ ನಿಮಿಷದಲ್ಲಿ ಕಳಿಸಿಬಿಟ್ಟೆ. ಎಷ್ಟೋ ಪಾರ್ಕುಗಳ ಬಾಗಿಲಲ್ಲಿ ನೀವೂ ನೋಡಿರುತ್ತೀರಿ. ಪೈಪುಗಳನ್ನು ಅಡ್ಡಡ್ಡ ನೆಟ್ಟು ಮಾಡಿದ ಸೊಟ್ಟ ದಾರಿ. ಮನುಷ್ಯರು ಮೈ ತಿರುಗಿಸಿಕೊಂಡು ನುಸುಳಬಹುದು, ದನ ಮತ್ತು ಬೈಕು ನುಸುಳಲಾರವು. ಆಟದ ಸಾಮಾನೆಲ್ಲ ಒಳಗೆ ಬಂದಾಗಿತ್ತು. ಅದಕ್ಕಾಗಿ ಬಿಟ್ಟಿದ್ದ ಕಾಂಪೌಂಡಿನ ಕಿಂಡಿಯನ್ನೂ ಮುಚ್ಚಿದೆವು.

ಉದ್ಘಾಟನೆ ಬೆಳಿಗ್ಗೆ ಹನ್ನೊಂದಕ್ಕೆ. ನಾನು ಎಂಟಕ್ಕೆಲ್ಲ ಅಲ್ಲಿದ್ದೆ. ಚಕ್ರ ತಿರುಗಿಸಿ ನೋಡಿದೆ, ಗಂಟೆ ಬಾರಿಸಿ ನೋಡಿದೆ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಸಲ ಜಾರುಬಂಡೆಯನ್ನೂ ಜಾರಿದೆ. ಅಷ್ಟರಲ್ಲಿ ಅಶ್ವಿನಿ, ಅವಳ ಹಿಂದೆ ರೇಣುಕಾ ಬಂದರು. ಎರಡೂ ಜಡೆಗೆ ಮಲ್ಲಿಗೆ ಮುಡಿಸಿಕೊಂಡು, ಹಬ್ಬದ ಲಂಗ ತೊಟ್ಟಿದ್ದಳು. ನನ್ನನ್ನು ಕಂಡವಳೇ ಜೋರಾಗಿ ಗಾಲಿ ತಳ್ಳಿದಳು.

ಕುರ್ಚಿಯ ಕಾಲಿಡುವ ಪಟ್ಟಿ ಪೈಪಿಗೆ ಬಡಿಯಿತು.

ಅವಳು ಹಿಂದೆ ಸರಿದು ಓರೆಯಾಗಿ ನುಗ್ಗಿಸಿದಳು. ಆಗಲಿಲ್ಲ. ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ನೋಡಿದಳು. ಅರ್ಧಕ್ಕೆ ಸಿಕ್ಕಿಕೊಂಡಿತು. ಆ ಕುರ್ಚಿಯ ಅಗಲ ನನಗೆ ಬಾಯಿಪಾಠವಾಗಿತ್ತು. ಆ ಪೈಪುಗಳ ನಡುವಿನ ಅಂತರವಿದ್ದ ನಕ್ಷೆ ಕಳಿಸಿದವಳೂ ನಾನೇ. ಎರಡನ್ನೂ ಒಂದು ಸಲವಾದರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ರೇಣುಕಾ ಎಂದಿನಂತೆ ಸೆರಗು ಸಿಕ್ಕಿಸಿ, ಬಗ್ಗಿ, ಮಗಳ ಮೊಣಕಾಲಿನ ಕೆಳಗೆ ಕೈ ಹಾಕಿದರು.

“ಬ್ಯಾಡವ್ವ,” ಎಂದಳು ಅಶ್ವಿನಿ. “ಎತ್ತಂಗಿಲ್ಲ ಅಂತ ಅಕ್ಕ ಹೇಳ್ಯಾಳ.”

ಕುರ್ಚಿ ಬಿಡಿಸಿಕೊಂಡು, ರಸ್ತೆಗೆ ಮುಖ ಮಾಡಿ ಕುಳಿತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಾನು ಟ್ರಸ್ಟ್‌ನ ಹಿರಿಯರಿಗೆ ಫೋನ್ ಮಾಡಿದೆ. ಇವತ್ತೊಂದು ದಿನ ಎತ್ತಿಕೊಂಡು ಹೋಗಲಿ, ನಾಳೆ ನೋಡೋಣ ಎಂದರು. ಗುತ್ತಿಗೆದಾರರಿಗೂ ಮಾಡಿದೆ. ಪೈಪು ಕತ್ತರಿಸುವುದು ಅರ್ಧ ಗಂಟೆಯ ಕೆಲಸ, ಆದರೆ ಮಧ್ಯಾಹ್ನದೊಳಗೆ ಎಮ್ಮೆ ಬಂದರೆ ನಮ್ಮನ್ನು ಕೇಳಬೇಡಿ ಎಂದರು. ಮಾಮೂಲಿ ಗೇಟು ಇಟ್ಟರೆ ಎಮ್ಮೆಗಳು ತಲೆಯಿಂದ ನೂಕಿ ಬರುತ್ತವೆ, ಚಿಲಕ ಹಾಕಿದರೆ ಮಕ್ಕಳಿಗೆ ತೆಗೆಯಲಾಗದು. ನಾನು ಪೈಪು ಹಿಡಿದು ನಿಂತೇ ಇದ್ದೆ.

ಆಗ ದಂಡೆಯ ಮೇಲಿನಿಂದ ಹುಲಿಗೆಮ್ಮ ಇಳಿದು ಬಂದರು. ಅಷ್ಟೂ ಹೊತ್ತು ಅವರು ನೋಡುತ್ತಿದ್ದರೆಂದು ಕಾಣುತ್ತದೆ. ಐವತ್ತರ ಆಸುಪಾಸು, ಕೈಯಲ್ಲಿ ಕೋಲು, ತಲೆಯ ಮೇಲೆ ಟವೆಲು.

“ನನ್ನ ಎಮ್ಮಿಗಂತ ಹಾಕಿದ್ರಿ, ಈ ಕೂಸಿಗೆ ಬಡೀತು,” ಎಂದರು. ನಾನು ತಲೆ ತಗ್ಗಿಸಿದೆ. ಅವರು ಪೈಪುಗಳನ್ನು ಕೋಲಿನಿಂದ ತಟ್ಟಿ ನೋಡಿದರು. “ಅಲ್ರೀ, ಇಷ್ಟು ಓದೀರಿ, ಎಮ್ಮಿ ಹೆಂಗ ಬರ್ತೈತಿ ಅಂತ ಒಂದಿನ ನೋಡೀರೇನು? ಎಮ್ಮಿಗೆ ದೂಡೂದು ಗೊತ್ತು. ಜಗ್ಗೂದು ಗೊತ್ತಿಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರೇ ಬಿಡಿಸಿ ಹೇಳಿದರು. ಬಾಗಿಲು ಒಳಗಲ್ಲ, ಹೊರಗೆ ರಸ್ತೆಯ ಕಡೆಗೆ ತೆರೆಯಬೇಕು. ಎಮ್ಮೆ ಎಷ್ಟು ದೂಡಿದರೂ ಅದು ಚೌಕಟ್ಟಿಗೆ ಒತ್ತಿ ನಿಲ್ಲುತ್ತದೆ. ಮಗು ಹಗ್ಗ ಹಿಡಿದು ಎಳೆದರೆ ತೆರೆಯುತ್ತದೆ. ಅವರ ಮನೆಯ ಬಣವೆಯ ಬೇಲಿಗೆ ಇಂಥದೇ ಬಾಗಿಲಂತೆ. ಅದನ್ನು ಸ್ವಲ್ಪ ವಾಲಿಸಿ ಕೂರಿಸಿದ್ದರಿಂದ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದಂತೆ.

ಐದು ವರ್ಷ ಓದಿದ ನಾನು ರಸ್ತೆ ದಾಟಿ ಓಡಿದೆ. ನಿಜವಾಗಿಯೂ ಓಡಿದೆ, ಚಪ್ಪಲಿ ಕೈಯಲ್ಲಿ ಹಿಡಿದು. ಎದುರಿಗೇ ಮೌಲಾಸಾಬರ ವೆಲ್ಡಿಂಗ್ ಅಂಗಡಿ. ಕಬ್ಬಿನ ಟ್ರ್ಯಾಲಿ ಕಟ್ಟುವವರು. ಅವರಿಗೆ ನನ್ನ ಪರಿಚಯವಿರಲಿಲ್ಲ. ಏದುಸಿರು ಬಿಡುತ್ತ ನಾನು ಹೇಳಿದ್ದು ಅವರಿಗೆ ಎಷ್ಟು ತಿಳಿಯಿತೋ ಕಾಣೆ, ರಸ್ತೆಯಾಚೆ ಕುಳಿತಿದ್ದ ಅಶ್ವಿನಿಯನ್ನು ಒಮ್ಮೆ ನೋಡಿ, ಹಿಡಿದಿದ್ದ ಕೆಲಸ ಕೆಳಗಿಟ್ಟರು. ಯಾರೋ ತೋಟಕ್ಕೆಂದು ಮಾಡಿಸಿ ಇನ್ನೂ ಒಯ್ಯದ ಮೂರೂವರೆ ಅಡಿಯ ಗೇಟು ಗೋಡೆಗೆ ಒರಗಿತ್ತು. ಆ ತೋಟದವರಿಗೆ ಇನ್ನೊಂದು ಮಾಡಿಕೊಟ್ಟರಾಯಿತು ಎಂದು ಅದನ್ನೇ ಎತ್ತಿಸಿಕೊಂಡು ಬಂದರು.

ಮುಂದಿನ ಒಂದೂವರೆ ಗಂಟೆ ನಾನು ಉಸಿರಾಡಿದ್ದು ನೆನಪಿಲ್ಲ. ರಸ್ತೆಗೆ ಅಡ್ಡ ಕೇಬಲ್ ಎಳೆದೆವು. ಪೈಪು ಕತ್ತರಿಸುವಾಗ ಕಿಡಿ ಹಾರುತ್ತಿತ್ತು. ಬಾಗಿಲು ವಾಲಿ ತಾನೇ ಮುಚ್ಚಿಕೊಳ್ಳಲೆಂದು ಕೆಳಗಿನ ಕೀಲನ್ನು ಒಂದು ಬೆರಳಿನಷ್ಟು ಆಚೆ ಸರಿಸಿ ಬೆಸೆಯಿರೆಂದು ನಾನು ಅಳತೆ ಹಿಡಿದೆ. ಹುಲಿಗೆಮ್ಮ ಹೊಲದ ಕಡೆಯಿಂದ ಹಗ್ಗ ತಂದರು. ಅಶ್ವಿನಿ ಯಾವಾಗ ಈ ಕಡೆ ತಿರುಗಿದಳೋ ಗೊತ್ತಿಲ್ಲ. ಹಗ್ಗ ಕಟ್ಟುವಾಗ, ಅದು ಗಿಡ್ಡವಾಯಿತು, ಎಳೆದರೆ ಬಾಗಿಲು ತನ್ನ ಕಾಲಿಗೇ ಬಡಿಯುತ್ತದೆ, ಪಕ್ಕಕ್ಕೆ ನಿಂತು ಎಳೆಯುವಷ್ಟು ಉದ್ದ ಬೇಕು ಎಂದು ತಪ್ಪು ತೋರಿಸಿದಳು. ಅವಳು ಹೇಳಿದಷ್ಟು ಉದ್ದ ಬಿಟ್ಟೆವು.

ಹತ್ತೂಮುಕ್ಕಾಲಿಗೆ ಕೆಲಸ ಮುಗಿಯಿತು. ಹುಲಿಗೆಮ್ಮ ತಮ್ಮ ಎಮ್ಮೆಗಳಲ್ಲೇ ದೊಡ್ಡದನ್ನು ಹೊಡೆದುಕೊಂಡು ಬಂದು, ಬಾಗಿಲ ಒಳಗಡೆ ಒಂದು ಹಿಡಿ ಹಸಿ ಹುಲ್ಲು ಹಾಕಿಸಿದರು. ಎಮ್ಮೆ ಹಣೆ ಕೊಟ್ಟು ದೂಡಿತು. ಗೇಟು ಗಡಗಡ ಎಂದಿತು. ಮತ್ತೊಮ್ಮೆ, ಮೈಯ ಭಾರವೆಲ್ಲ ಹಾಕಿ ದೂಡಿತು. ನಾನು ರೇಣುಕಾ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಎಮ್ಮೆ ಸ್ವಲ್ಪ ಹೊತ್ತು ಹುಲ್ಲನ್ನು ನೋಡಿ, ಮೂಗರಳಿಸಿ, ಬೇಸರದಿಂದ ದಂಡೆಯ ಕಡೆ ನಡೆಯಿತು.

“ಎಮ್ಮಿ ಫೇಲ್ ಆತು. ನೀವು ಪಾಸ್ ಆದ್ರಿ ಮೇಡಂ,” ಎಂದರು ಮೌಲಾಸಾಬರು.

“ಪಾಸ್ ಆಗಿದ್ದು ಆಕಿ ಅಲ್ಲ, ನಾನು,” ಎಂದರು ಹುಲಿಗೆಮ್ಮ.

ಅಶ್ವಿನಿ ಮುಂದೆ ಬಂದಳು. ಮೊದಲ ಸಲ ಹಗ್ಗ ಕೈಯಿಂದ ಜಾರಿತು. ಯಾರೂ ಹತ್ತಿರ ಹೋಗಲಿಲ್ಲ. ಎರಡನೇ ಸಲ ಹಗ್ಗವನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡು ಎಳೆದಳು. ಬಾಗಿಲು ತೆರೆಯಿತು. ಮುಂಗೈ ಬಿಡಿಸಿಕೊಂಡು, ಒಂದು ಕೈಯಲ್ಲಿ ಬಾಗಿಲು ತಡೆದು, ಇನ್ನೊಂದರಲ್ಲಿ ಗಾಲಿ ದೂಡಿಕೊಂಡು ಒಳಗೆ ಹೋದಳು. ಬಾಗಿಲು ಅವಳ ಹಿಂದೆ ತಾನೇ ಮುಚ್ಚಿಕೊಂಡಿತು. ರೇಣುಕಾ ಅವಳ ಹಿಂದೆ ಬಾಗಿಲವರೆಗೂ ಓಡಿದರು.

“ನೀ ಅಲ್ಲೇ ಕುಂದ್ರು ಅವ್ವ,” ಎಂದು ಒಳಗಿನಿಂದ ಕೂಗಿದಳು.

ಹನ್ನೊಂದಕ್ಕೆ ಟ್ರಸ್ಟ್‌ನ ಹಿರಿಯರು ಕತ್ತರಿ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ಕಟ್ಟಲೆಂದು ತಂದಿದ್ದ ಟೇಪು, ಕತ್ತರಿಸಿದ ಪೈಪುಗಳ ಜೊತೆ ನೆಲದ ಮೇಲೆ ಬಿದ್ದಿತ್ತು. ಒಳಗೆ ಅಶ್ವಿನಿ ಚಕ್ರದ ಮೇಲೆ ಕಣ್ಣು ಮುಚ್ಚಿ ಗಿರಗಿರ ಸುತ್ತುತ್ತಿದ್ದಳು. ಎಲ್ಲಿಂದಲೋ ಬಂದ ಇಬ್ಬರು ಮಕ್ಕಳು ಚಕ್ರ ದೂಡುತ್ತಿದ್ದರು. ಹಿರಿಯರು ಒಂದು ಕ್ಷಣ ನೋಡಿ, ಉದ್ಘಾಟನೆ ಆಗಿಹೋಯಿತಲ್ಲ ಎಂದು ಕತ್ತರಿಯನ್ನು ಜುಬ್ಬಾದ ಜೇಬಿಗೆ ಇಳಿಸಿದರು.

ಆಮೇಲೆ ಇನ್ನೆರಡು ಪಾರ್ಕುಗಳ ಕೆಲಸ ಮಾಡಿದ್ದೇನೆ. ನಕ್ಷೆಯ ಮೊದಲ ಗೆರೆಯನ್ನು ರಸ್ತೆಯಿಂದಲೇ ಎಳೆಯುತ್ತೇನೆ, ಅಲ್ಲಿ ಯಾರು ಯಾರು ಓಡಾಡುತ್ತಾರೆಂದು ಎರಡು ದಿನ ಸುಮ್ಮನೆ ನಿಂತು ನೋಡಿದ ಮೇಲೆ. ಕಚೇರಿಯಲ್ಲಿ ಆ ಬಾಗಿಲಿಗೆ ‘ಹುಲಿಗೆಮ್ಮನ ಗೇಟು’ ಎಂದೇ ಹೆಸರು. ನಕ್ಷೆಯಲ್ಲೂ ಹಾಗೇ ಬರೆಯುತ್ತೇನೆ.

ಆದರೆ ಆ ದಿನವನ್ನು ನೆನೆದಾಗ ನನಗೆ ಮೊದಲು ಕಾಣುವುದು ರೇಣುಕಾ. ಅವರು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

“ಆಕಿ ಆಡೂ ಮುಂದ ನಾ ಯಾವತ್ತೂ ಕುಂತಿಲ್ರಿ,” ಎಂದರು. “ಈಗ ಏನ್ ಮಾಡ್ಬೇಕು ಅಂತಽ ತಿಳೀವಲ್ದು.”

ಏನೂ ಮಾಡಬೇಡಿ ಎಂದೆ. ಇಬ್ಬರೂ ಬಹಳ ಹೊತ್ತು ಹಾಗೇ ಕುಳಿತು ಅವಳು ಆಡುವುದನ್ನು ನೋಡಿದೆವು.