ಪಿಟೀಲು ಪೆಟ್ಟಿಗೆಯಲ್ಲಿ ಬಂದ ತಿಗಣೆ

ನನಗೆ ಪಿಟೀಲು ಹೇಳಿಕೊಡುವ ಚಕ್ರಪಾಣಿ ಮೇಷ್ಟ್ರ ಹೆಸರು ಕಛೇರಿಯ ಆಹ್ವಾನಪತ್ರಿಕೆಗಳಲ್ಲಿ ಯಾವಾಗಲೂ ಎರಡನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಅವರು ಪಕ್ಕವಾದ್ಯದವರು. ಹಾಡುಗಾರರ ಬೆನ್ನಿಗೇ ಹೋಗುವುದು, ಅವರು ನಿಂತಲ್ಲಿ ನಿಲ್ಲುವುದು, ಎಲ್ಲಾದರೂ ಎಡವಿದರೆ ಸಭೆಗೆ ತಿಳಿಯದ ಹಾಗೆ ಹಿಡಿದುಕೊಳ್ಳುವುದು, ಇಷ್ಟೇ ತಮ್ಮ ಕೆಲಸ ಎಂದು ಅವರೇ ಹೇಳುತ್ತಾರೆ. ಅದರಲ್ಲಿ ಅವರಿಗೆ ಬೇಸರವಿಲ್ಲ. ದಾರಿಯಲ್ಲಿ ಯಾರಾದರೂ ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟರೆ, ಕಛೇರಿಯ ನಡುವೆ ಯಾರಾದರೂ ಬಿಸಿನೀರು ತಂದಿಟ್ಟರೆ, ಮನೆಗೆ ಬಂದು ಅದನ್ನೊಂದು ದೊಡ್ಡ ಸಮಾಚಾರದಂತೆ ಹೆಂಡತಿಗೆ ಹೇಳುವ ಸ್ವಭಾವ. ನಾನು ಬ್ಯಾಂಕಿನ ಕೆಲಸ ಮುಗಿಸಿಕೊಂಡು, ಮೂವತ್ತು ದಾಟಿದ ಮೇಲೆ ಅವರ ಬಳಿ ಕಲಿಯಲು ಹೋದಾಗ, ಈ ವಯಸ್ಸಿನಲ್ಲಿ ಬೆರಳು ಬಗ್ಗೀತೇ ಎಂದು ಕೇಳದೆ, "ಬನ್ನಿ ಅಕ್ಷಯಾ, ಕೂತ್ಕೊಳ್ಳಿ" ಎಂದ ಒಬ್ಬರೇ ಮೇಷ್ಟ್ರು ಅವರು.

ಅವರ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಮೊದಲ ಮಹಡಿಯಲ್ಲಿ. ಬಾಡಿಗೆ ಮನೆ. ಹೆಂಡತಿ ಮಧುರಾ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದಾರೆ. ಕೆಳಗಡೆ ಮನೆಯ ಓನರ್ ದ್ರೌಪದಮ್ಮ. ಮಾರ್ಕೆಟ್ಟಿನಲ್ಲಿ ಅವರದು ತರಕಾರಿ ಮಂಡಿ. ಅರವತ್ತು ದಾಟಿದ್ದರೂ ಬೆಳಗಿನ ವ್ಯಾಪಾರಕ್ಕೆ ಮಗ ಮುನಿರಾಜುವಿನ ಜೊತೆ ತಾವೇ ಹೋಗುತ್ತಾರೆ. ಮಾತು ಕಡಿಮೆ, ಇದ್ದದ್ದೂ ಸ್ವಲ್ಪ ಒರಟು. ಅವರ ಮುಂದೆ ಹಾದು ಮೆಟ್ಟಿಲು ಹತ್ತುವಾಗ ನಾವು ಕಲಿಯುವವರೆಲ್ಲ ಚಪ್ಪಲಿ ಸದ್ದಾಗದಂತೆ ನಡೆಯುತ್ತಿದ್ದೆವು.

ಹೋದ ವರ್ಷ ಸಂಕ್ರಾಂತಿಯ ಸುಮಾರಿಗೆ ಮೇಷ್ಟ್ರು ದೂರದ ಊರೊಂದಕ್ಕೆ ಕಛೇರಿಗೆ ಹೋಗಿದ್ದರು. ಹಾಡುಗಾರರು ಹೆಸರಾಂತ ವಿದ್ವಾಂಸರು, ಮೇಷ್ಟ್ರು ಅವರಿಗೆ ಬಹಳ ವರ್ಷಗಳಿಂದ ನುಡಿಸುತ್ತಿದ್ದಾರೆ. ಹಾಡುಗಾರರಿಗೆ ಇಳಿದುಕೊಳ್ಳಲು ಒಂದು ದೊಡ್ಡ ಹೋಟೆಲು. ಪಿಟೀಲಿನ ಚಕ್ರಪಾಣಿಯವರಿಗೂ ಮೃದಂಗದ ರಾಘವ ಅವರಿಗೂ ಬಸ್ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ಒಂದೇ ಕೋಣೆ. ಕೋಣೆ ಕೊಳಕಾಗೇನೂ ಇರಲಿಲ್ಲ. ಹಾಸಿಗೆಯ ಮೇಲೆ ಬೆಳ್ಳನೆಯ ದುಪ್ಪಟಿ, ಗಾಳಿಯಲ್ಲಿ ಮಲ್ಲಿಗೆಯ ಸ್ಪ್ರೇ ವಾಸನೆ. ಮೇಷ್ಟ್ರಿಗೆ ಪರಊರಿನಲ್ಲಿ ಪಿಟೀಲಿನ ಪೆಟ್ಟಿಗೆಯನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುವ ಅಭ್ಯಾಸ. ಕಳುವಾದೀತು ಎಂಬ ಭಯ. ಆ ಪಿಟೀಲು ಅವರ ಗುರುಗಳು ಕೊಟ್ಟದ್ದು.

ಬೆಳಿಗ್ಗೆ ಎದ್ದಾಗ ಮೊಣಕೈ ಮೇಲೆ ಸಾಲಾಗಿ ಕೆಂಪು ಗಂಧೆಗಳೆದ್ದಿದ್ದವು. ಸೊಳ್ಳೆ ಎಂದುಕೊಂಡರು. ರಾಘವ ಮಾತ್ರ ಹತ್ತಿರ ಬಂದು ನೋಡಿ, ಸೊಳ್ಳೆ ಹೀಗೆ ಸಾಲು ಹಿಡಿದು ಕಚ್ಚುವುದಿಲ್ಲ ಎಂದು ಹಾಸಿಗೆಯ ಮೂಲೆಯ ದುಪ್ಪಟಿ ಎತ್ತಿದರು. ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಇಂಕು ಚಿಮುಕಿಸಿದಂತೆ ಕಪ್ಪು ಚುಕ್ಕೆಗಳಿದ್ದವು. ಕೆಳಗೆ ಹೋಗಿ ಹೇಳಿದಾಗ ಲಾಡ್ಜಿನವರು ವಾದ ಮಾಡದೆ ಬೇರೆ ಕೋಣೆ ಕೊಟ್ಟರು. ಮೇಷ್ಟ್ರಿಗೆ ಅದೇ ಒಂದು ಉಪಕಾರವೆನಿಸಿತು. ಸಂಜೆ ಕಛೇರಿ ಚೆನ್ನಾಯಿತು. ಬಟ್ಟೆಯ ಚೀಲವನ್ನು ಕೊಡವಿ, ಪೆಟ್ಟಿಗೆಯ ಹೊರಮೈ ಒರೆಸಿ, ಬೆಂಗಳೂರಿಗೆ ಬಂದರು. ಪೆಟ್ಟಿಗೆಯ ಒಳಗೆ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಒಂದೆರಡು ವಾರ ಕಳೆದ ಮೇಲೆ ಮಧುರಾ ಅವರಿಗೆ ತೋಳು, ಕತ್ತು ತುರಿಕೆ ಶುರುವಾಯಿತು. ಅವರೆಕಾಯಿ ಸೊಗಡು ಆಗಲಿಲ್ಲವೇನೋ ಎಂದು ಅವರೆ ಬಿಟ್ಟರು. ಸೋಪು ಬದಲಾಯಿಸಿದರು. ಆಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಸಾಧನೆಗೆಂದು ಪೆಟ್ಟಿಗೆ ತೆರೆದು, ಕಮಾನಿಗೆ ಹಚ್ಚುವ ರಾಳದ ಬಿಲ್ಲೆ ತೆಗೆಯಲು ಕೈ ಹಾಕಿದಾಗ, ನೀಲಿ ಮಖಮಲ್ಲಿನ ಮೇಲೆ ಕಂದುಬಣ್ಣದ, ಚಪ್ಪಟೆಯಾದ ಹುಳುವೊಂದು ನಿಧಾನವಾಗಿ ನಡೆದು ಮಡಿಕೆಯೊಳಗೆ ಇಳಿಯಿತು. ಮಖಮಲ್ಲಿನ ಅಂಚನ್ನು ಉಗುರಿನಿಂದ ಎತ್ತಿ ನೋಡಿದರೆ ಅಲ್ಲಿ ಇನ್ನೂ ಇದ್ದವು.

ಆಗ ತಮಗೆ ಮೊದಲು ಬಂದದ್ದು ಅಸಹ್ಯವಲ್ಲ, ಅವಮಾನ ಎಂದು ಅವರು ಆಮೇಲೆ ನನಗೆ ಹೇಳಿದರು. ತಿಗಣೆ ಎಂದರೆ ಜನ ಮನೆಯವರೇ ಕೊಳಕರು ಎಂಬಂತೆ ನೋಡುತ್ತಾರೆ. ರಾಮನವಮಿ ಹತ್ತಿರ ಬರುತ್ತಿತ್ತು. ಪೆಂಡಾಲಿನ ಕಛೇರಿಗಳೆಲ್ಲ ನಡೆಯುವುದು ಆಗಲೇ. ಮನೆಗೆ ಬಂದು ಕಲಿಯುವವರು ಬಿಟ್ಟುಹೋದರೆ? ಓನರ್ ಮನೆ ಖಾಲಿ ಮಾಡಿ ಅಂದರೆ? ಸಂಜೆ ಹೆಂಡತಿ ಬಂದೊಡನೆ ವಿಷಯ ತಿಳಿಸಿ, ಒಂದು ವಾರ ಜ್ವರವೆಂದು ಪಾಠ ನಿಲ್ಲಿಸೋಣ, ಸದ್ದಿಲ್ಲದೆ ಔಷಧಿ ಹೊಡೆಸೋಣ ಎಂದರು.

ಮಧುರಾ ಬ್ಯಾಗನ್ನು ಕೆಳಗಿಡದೆ ನಿಂತೇ ಕೇಳಿಸಿಕೊಂಡರಂತೆ. ಆಮೇಲೆ ಹೇಳಿದರು: "ಪಾಠಕ್ಕೆ ಬರೋ ಮಕ್ಕಳ ಬ್ಯಾಗೆಲ್ಲ ನಮ್ಮ ಚಾಪೆ ಮೇಲೇ ಇರುತ್ತಲ್ರೀ. ಅವ್ರ ಮನೇಗೂ ಹೋಗಿದ್ರೆ? ಎಲ್ಲಿಂದ ಬಂತು ಅಂತಾನೂ ಗೊತ್ತಾಗಲ್ಲ ಪಾಪ. ಹೇಳ್ಬಿಡೋಣ."

ಮೇಷ್ಟ್ರು ಎದ್ದರು. ಅಂಗಿ ಬದಲಾಯಿಸಿಕೊಂಡು ಮೊದಲು ಕೆಳಗಿಳಿದರು. ಹೇಳುವುದಿದ್ದರೆ ಓನರಿಗೇ ಮೊದಲು ಹೇಳಬೇಕು ಎನಿಸಿತು.

ದ್ರೌಪದಮ್ಮ ಮುಂದಿನ ಪೋರ್ಟಿಕೋದಲ್ಲಿ ಗೋಣಿಚೀಲದ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಮೇಷ್ಟ್ರು ನಿಂತುಕೊಂಡೇ, ಊರಿಗೆ ಹೋದದ್ದು, ಲಾಡ್ಜು, ಪೆಟ್ಟಿಗೆ, ಎಲ್ಲವನ್ನೂ ಒಪ್ಪಿಸಿದರು. ನಿಮ್ಮ ಮನೆಗೆ ಇಂಥದ್ದನ್ನು ತಂದೆನಲ್ಲ ಎಂದು ನಾಚಿಕೆಯಾಗುತ್ತಿದೆ, ಖಾಲಿ ಮಾಡಿ ಅಂದರೂ ಬೇಜಾರಿಲ್ಲ ಎಂದರು. ದ್ರೌಪದಮ್ಮ ತಲೆಯೆತ್ತದೆ ಒಂದು ಕಟ್ಟು ಪೂರ್ತಿ ಬಿಡಿಸಿದರು.

"ತಿಗಣೇನ ಏನ್ ನೀವು ಸಾಕ್ಕೊಂಡಿದ್ರಾ ಮೇಷ್ಟ್ರೇ?" ಎಂದರು ಕೊನೆಗೆ. "ನಮ್ಮಪ್ಪನ ಮನೇಲಿ ಹಗ್ಗದ ಮಂಚ ತುಂಬ ಇದ್ವು. ಬಿಸ್ಲಿಗೆ ಹಾಕಿ ಬಡೀತಿದ್ವಿ. ಅದಕ್ಕೆ ಯಾರೂ ಮನೆ ಬಿಟ್ಟು ಓಡೋಗ್ಲಿಲ್ಲ. ನೀವು ಹೇಳ್ದೆ ಮುಚ್ಚಿಟ್ಟಿದ್ರೆ ಬೇಜಾರ್ ಮಾಡ್ಕೊತಿದ್ದೆ."

ಇಷ್ಟು ಹೇಳಿ ಒಳಗಿದ್ದ ಮುನಿರಾಜುವನ್ನು ಕರೆದು, ಔಷಧಿ ಹೊಡೆಯುವವರನ್ನು ಎರಡೂ ಮನೆಗೆ ಕರೆಸು ಎಂದರು. ಮಾರನೆಯ ದಿನ ಬಂದವರು ಕೆಳಗಿನ ಮನೆಯನ್ನೆಲ್ಲ ಟಾರ್ಚು ಹಾಕಿ ನೋಡಿ, ಇಲ್ಲಿ ಏನೂ ಇಲ್ಲ ಎಂದಾಗ ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಮೇಲಿನ ಮನೆಯಲ್ಲಿ ಮಂಚದ ಕೀಲುಗಳಲ್ಲಿ, ತಲೆದೆಸೆಯ ಹಲಗೆಯ ಹಿಂದೆ ಸಿಕ್ಕವು. ಔಷಧಿ ಹೊಡೆದು, ಮೊಟ್ಟೆಗಳು ಒಡೆದಮೇಲೆ ಮತ್ತೆ ಬಂದು ಹೊಡೆಯಬೇಕು, ಒಂದೇ ಸಲಕ್ಕೆ ಹೋಗುವ ಪೀಡೆ ಇದಲ್ಲ ಎಂದು ಅವರು ಹೇಳಿ ಹೋದರು. ಬಟ್ಟೆಬರೆ ಎಲ್ಲ ಕುದಿಯುವ ನೀರಿಗೆ. ಸನ್ಮಾನದಲ್ಲಿ ಬಂದ ಶಾಲುಗಳೇ ಒಂದು ಟ್ರಂಕು ತುಂಬ ಇದ್ದವು. ಕುದಿಸಿದರೆ ಹಾಳಾಗುವಂಥವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಾರಸಿಯ ಬಿಸಿಲಿಗೆ ಇಟ್ಟರು. ದ್ರೌಪದಮ್ಮ ಮಂಡಿಯಿಂದ ಬಂದವರೇ ಮೇಲೆ ಹತ್ತಿ, ಚೀಲಗಳನ್ನು ಬಿಸಿಲು ಸರಿದ ಕಡೆಗೆ ತಿರುಗಿಸಿಟ್ಟು ಹೋಗುತ್ತಿದ್ದರು. ಇದನ್ನು ಮಧುರಾ ಕಿಟಕಿಯಿಂದ ನೋಡಿದರಂತೆ. ಕೇಳಿದರೆ, ಒಣಮೆಣಸಿನಕಾಯಿ ಹಾಕಲು ಬಂದಿದ್ದೆ ಎಂದರಂತೆ.

ನನಗೆ ಮೇಷ್ಟ್ರ ಫೋನು ಬಂದದ್ದು ಬ್ಯಾಂಕಿನಲ್ಲಿದ್ದಾಗ. ಯಾರೋ ತೀರಿಕೊಂಡರೇನೋ ಎನ್ನುವಂಥ ದನಿ. "ಅಕ್ಷಯಾ, ನಿಮ್ಮ ಪಿಟೀಲು ಪೆಟ್ಟಿಗೇನ ಹಾಸಿಗೆ ಹತ್ರ ಇಟ್ಟಿದ್ರೆ ಆಚೆ ಇಡಿ, ತೆಗ್ದು ಚೆನ್ನಾಗ್ ನೋಡಿ" ಎಂದು ಶುರುಮಾಡಿ, ಎಲ್ಲ ಹೇಳಿ ಕ್ಷಮೆ ಕೇಳಿದರು. ನಾನು ಮನೆಗೆ ಹೋಗಿ ಪೆಟ್ಟಿಗೆ, ಬ್ಯಾಗು, ಹಾಸಿಗೆಯ ಹೊಲಿಗೆ ಎಲ್ಲ ಹುಡುಕಿದೆ. ಬ್ಯಾಗಿನ ತಳದ ಹೊಲಿಗೆಯಲ್ಲಿ ಒಂದೇ ಒಂದು ಸಿಕ್ಕಿತು. ಬ್ಯಾಗನ್ನು ಬಿಸಿನೀರಿನಲ್ಲಿ ಮುಳುಗಿಸಿದೆ. ಅಷ್ಟಕ್ಕೇ ಮುಗಿಯಿತು. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿರುವ ಅತ್ತೆ ಇದ್ದಾರೆ, ಅವರ ಕೋಣೆಯಲ್ಲೇ ನಾನು ಆ ಬ್ಯಾಗು ಇಡುವುದು. ಮೇಷ್ಟ್ರು ಒಂದು ವಾರ ಜ್ವರ ಎಂದಿದ್ದರೆ ಏನಾಗುತ್ತಿತ್ತು ಎಂದು ನೆನೆದಾಗೆಲ್ಲ ಅವರಿಗೂ ಮಧುರಾ ಅವರಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಎಲ್ಲರೂ ಹಾಗೇ ತೆಗೆದುಕೊಳ್ಳಲಿಲ್ಲ. ಒಬ್ಬ ತಾಯಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಪಾಠ ಬಿಡಿಸಿದರು. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ ಎಂದರು ಮೇಷ್ಟ್ರು. ಆ ಮಕ್ಕಳಲ್ಲಿ ದೊಡ್ಡವಳಿಗೆ ಒಳ್ಳೆಯ ಸ್ವರಜ್ಞಾನವಿತ್ತು. ಅದನ್ನು ಮಾತ್ರ ಆಗಾಗ ನೆನೆಯುತ್ತಾರೆ.

ಇನ್ನು ಉಳಿದದ್ದು ಪಿಟೀಲು. ಅದನ್ನು ಬಿಸಿಲಿಗೂ ಇಡುವಂತಿಲ್ಲ, ಅದಕ್ಕೆ ಔಷಧಿಯನ್ನೂ ಹೊಡೆಯುವಂತಿಲ್ಲ. ಅಂಟು ಬಿಟ್ಟರೆ, ಮರ ಸೀಳಿದರೆ ಮುಗಿಯಿತು. ಮೇಷ್ಟ್ರು ಪೆಟ್ಟಿಗೆಯ ಸಮೇತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆಟೋ ಹತ್ತಿದರೆ ಆಟೋಕ್ಕೂ ಹತ್ತೀತೆಂದು ಬಳೇಪೇಟೆಗೆ ನಡೆದೇ ಹೋದರು. ಅಲ್ಲಿ ವಾದ್ಯ ರಿಪೇರಿ ಮಾಡುವ ಚಿದಂಬರ ಅವರಿಗೆ ಹಳೆಯ ಪರಿಚಯ. ಮೇಷ್ಟ್ರು ಅಂಗಡಿಯೊಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಕರೆದು ವಿಷಯ ಹೇಳಿದರು. ಚಿದಂಬರ ಮುಖ ಸಿಂಡರಿಸಲಿಲ್ಲ. ಒಳಗಿನಿಂದ ಒಂದು ಸ್ಟೂಲು, ಬಿಳಿ ಬಟ್ಟೆ ತಂದು, ಕೈಗಾಡಿಗಳು ಹಾದುಹೋಗುವ ಆ ಗಲ್ಲಿಯ ಅಂಚಿನಲ್ಲೇ ಕೂತು ಪೆಟ್ಟಿಗೆ ಬಿಚ್ಚಿದರು. ಪಿಟೀಲನ್ನು ಬಿಳಿ ಬಟ್ಟೆಯ ಮೇಲಿಟ್ಟು, ಹೊಟ್ಟೆಯ ಸೀಳಿನಿಂದ ಸಣ್ಣ ಲೈಟು ಬಿಟ್ಟು, ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ ಹಾಕಿ, ಮೂಲೆಮೂಲೆ ನೋಡಿದರು. ಮೇಷ್ಟ್ರು ಪಕ್ಕದಲ್ಲಿ ಖಾಲಿ ಚೀಲಗಳನ್ನು ಹಿಡಿದು ನಿಂತಿದ್ದರು.

"ಒಳ್ಗಡೆ ಏನೂ ಇಲ್ಲ ಸ್ವಾಮಿ" ಎಂದರು ಚಿದಂಬರ. "ಮರ ತಣ್ಣಗಿರುತ್ತೆ, ಇಷ್ಟ ಆಗ್ಲಿಲ್ಲ ಅವಕ್ಕೆ. ಮಖಮಲ್ ಹಿಡ್ಕೊಂಡಿವೆ. ಪೆಟ್ಟಿಗೆ ಆಸೆ ಬಿಡಿ."

ಪೆಟ್ಟಿಗೆಯನ್ನು ಮತ್ತೆ ಚೀಲದಲ್ಲಿ ಬಿಗಿದು ಸುಡಲು ಪಕ್ಕಕ್ಕಿಟ್ಟರು. ತಮ್ಮ ಬಳಿಯಿದ್ದ ಹಳೆಯ ಮರದ ಪೆಟ್ಟಿಗೆಯೊಂದನ್ನು ಕೊಟ್ಟರು. ಒಳಗೆ ಬಟ್ಟೆ, ದಿಂಬು ಏನೂ ಇಲ್ಲದ ಬರೀ ಮರ. ಮೇಷ್ಟ್ರು ಮನೆಗೆ ಬಂದು, ಒಗೆದು ಇಸ್ತ್ರಿ ಮಾಡಿದ ಹಳೆಯ ರೇಷ್ಮೆ ಪಂಚೆಯಲ್ಲಿ ಪಿಟೀಲನ್ನು ಸುತ್ತಿ ಅದರಲ್ಲಿಟ್ಟರು. ಈಗಲೂ ಅದರಲ್ಲೇ ಇಡುತ್ತಾರೆ.

ಪಾಠ ನಿಂತುಹೋಗಿತ್ತಲ್ಲ, ಅದಕ್ಕೆ ದಾರಿ ಮಾಡಿದವರು ದ್ರೌಪದಮ್ಮ. ಮೇಲಿನ ಮನೆ ಪೂರ್ತಿ ಸರಿಹೋಗುವವರೆಗೆ ಪೋರ್ಟಿಕೋದಲ್ಲಿ ಕೂತು ಹೇಳಿಕೊಡಿ ಎಂದು ಅವರೇ ಹೇಳಿಕಳಿಸಿದರು. ಮುನಿರಾಜು ಸ್ಕೂಟರನ್ನು ಬೀದಿಗೆ ಸರಿಸಿದ. ಈರುಳ್ಳಿ ಮೂಟೆಗಳನ್ನು ಗೋಡೆಗೆ ಒತ್ತಿಟ್ಟರು. ಸಿಮೆಂಟು ನೆಲದ ಮೇಲೆ ಹೊಸ ಪ್ಲಾಸ್ಟಿಕ್ ಚಾಪೆ. ಬಿಟ್ಟುಹೋಗದೆ ಉಳಿದ ನಾವು ಸಂಜೆ ಅಲ್ಲಿ ಕೂತು, ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರೂ, ಸ್ವರ ನುಡಿಸತೊಡಗಿದೆವು. ದ್ರೌಪದಮ್ಮ ಬಾಗಿಲ ಬಳಿ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದರು. ನಾನು ಒಂದೇ ತಪ್ಪನ್ನು ಮತ್ತೆಮತ್ತೆ ಮಾಡಿದರೆ ಅವರ ಕೈ ನಿಲ್ಲುತ್ತಿತ್ತು. ಸರಿಯಾದಾಗ ಮತ್ತೆ ಸೊಪ್ಪಿಗೆ ಹೋಗುತ್ತಿತ್ತು. ಅವರ ಭಯ ನನಗೆ ಹೋದದ್ದು ಆಗಲೇ.

ಮೇಷ್ಟ್ರು ರಾಘವ ಅವರಿಗೂ ಫೋನು ಮಾಡಿದರು. ಮೃದಂಗದ ಗವಸಿನಲ್ಲಿ ಅವರಿಗೂ ಸಿಕ್ಕಿದ್ದವು, ಅವರು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹಾಡುಗಾರರಿಗೂ ಹೇಳಬೇಕಾಯಿತು, ಮುಂದಿನ ಕಛೇರಿಗೆ ಅವರ ಕಾರಿನಲ್ಲೇ ಹೋಗಬೇಕಿತ್ತು. ಅವರು ಕೇಳಿದ್ದು ಒಂದೇ, ಅವತ್ತು ನೀವಿಬ್ಬರೂ ಎಲ್ಲಿ ಇಳಿದುಕೊಂಡಿದ್ದಿರಿ ಎಂದು. ಮೇಷ್ಟ್ರು ಲಾಡ್ಜಿನ ವಿಷಯ ಹೇಳಿದರು. ಇಷ್ಟು ವರ್ಷ ಪಕ್ಕವಾದ್ಯದವರಿಗೂ ತಮ್ಮ ಹೋಟೆಲಿನಲ್ಲೇ ಕೋಣೆ ಇರುತ್ತದೆಂದು ಅವರು ಅಂದುಕೊಂಡಿದ್ದರಂತೆ. ಅದಾದ ಮೇಲೆ ಪರಊರಿನ ಕಛೇರಿ ಬಂದಾಗೆಲ್ಲ ಮೂವರಿಗೂ ಒಂದೇ ಕಡೆ ಇಳಿದುಕೊಳ್ಳುವ ವ್ಯವಸ್ಥೆ. ಆದರೂ ಮೇಷ್ಟ್ರು ಈಗ ಕೋಣೆಗೆ ಹೋದೊಡನೆ ಸಾಮಾನನ್ನು ಬಚ್ಚಲಿನಲ್ಲಿಟ್ಟು, ಮೊಬೈಲಿನ ಬೆಳಕಿನಲ್ಲಿ ಹಾಸಿಗೆಯ ನಾಲ್ಕೂ ಮೂಲೆ, ತಲೆದೆಸೆಯ ಹಲಗೆ ನೋಡಿಯೇ ಕೂರುವುದು. ದೊಡ್ಡ ಹೋಟೆಲು ಎಂದು ತಿಗಣೆ ಹೆದರುವುದಿಲ್ಲ ಎನ್ನುತ್ತಾರೆ.

ರಾಮನವಮಿಯ ಹೊತ್ತಿಗೆ ಮೇಲಿನ ಮನೆ ಪೂರ್ತಿ ಶುದ್ಧವಾಯಿತು. ಮರದ ಮಂಚ ಹೋಗಿ ಕಬ್ಬಿಣದ್ದು ಬಂದಿತ್ತು. ಔಷಧಿಯವರು ಕೊನೆಯ ಸಲ ಬಂದು ನೋಡಿ ಹೋದ ಸಂಜೆ ಮೇಷ್ಟ್ರು, ಮಧುರಾ ಇಬ್ಬರೂ ಹಣ್ಣು, ಹೂವು ಇಟ್ಟ ತಟ್ಟೆ ಹಿಡಿದು ಕೆಳಗೆ ಬಂದರು. ನಾನು ಚಾಪೆ ಸುತ್ತುತ್ತಿದ್ದೆ. ನೀವಿಲ್ಲದಿದ್ದರೆ ಈ ಸಲ ನಾನು ಪಿಟೀಲು ಹಿಡಿಯುವ ಸ್ಥಿತಿಯಲ್ಲೇ ಇರುತ್ತಿರಲಿಲ್ಲ ಎಂದರು ಮೇಷ್ಟ್ರು. ದ್ರೌಪದಮ್ಮ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಪಾಠ ಮೇಲ್ಗಡೆ ತಗೊಂಡೋಗ್ತೀರೇನು?" ಎಂದು ಕೇಳಿದರು.

ಹೌದು, ನಿಮಗೆ ಬಹಳ ತೊಂದರೆ ಕೊಟ್ಟೆವು ಎಂದರು ಮೇಷ್ಟ್ರು.

"ವಾರಕ್ ಒಂದಿನ ಆದ್ರೂ ಇಲ್ಲೇ ಮಾಡಿ. ಸೊಪ್ಪು ಬಿಡಿಸೋವಾಗ ಸುಮ್ನೆ ಕೂರಕ್ಕೆ ಈಗ ಆಗಲ್ಲ ನಂಗೆ."

ನಾನು ಸುತ್ತಿದ್ದ ಚಾಪೆಯನ್ನು ಅಲ್ಲೇ ಗೋಡೆಗೆ ಒರಗಿಸಿಟ್ಟೆ.