ಉತ್ತರ ಸರಿ, ಅಂಕ ಸೊನ್ನೆ

ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಗಣಿತದ ಎಂ.ಎಸ್ಸಿ.ಗೆ ಅರ್ಜಿ ಹಾಕಿದವಳನ್ನು ಮನೆಯಲ್ಲಿ ಯಾರೂ ತಡೆಯಲಿಲ್ಲ. ತಕ್ಕಡಿ ರಿಪೇರಿ ಮಾಡುವ ಅಪ್ಪ ಮಾತ್ರ, "ಸದ್ಯ, ಲ್ಯಾಬ್ ಸಾಮಾನು ಮುರಿಯೋದಾದ್ರೂ ತಪ್ತು" ಎಂದರು. ಸೀಟೇನೋ ಸಿಕ್ಕಿತು, ಆದರೆ ಷರತ್ತಿನ ಮೇಲೆ. ಬೇರೆ ವಿಷಯದಿಂದ ಬಂದವಳು ಮೊದಲ ಸೆಮಿಸ್ಟರ್ ಪರೀಕ್ಷೆಯಲ್ಲಿ ಅರ್ಧದಷ್ಟಾದರೂ ಅಂಕ ತೆಗೆಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ಅವಳಿಗೇನು ಹೆದರಿಕೆ? ಲೆಕ್ಕವೆಂದರೆ ನೀರು ಕುಡಿದಷ್ಟು ಸುಲಭ. ತರಗತಿಯ ಕಿರುಪರೀಕ್ಷೆಯಲ್ಲಿ, ಕೊನೆಯೇ ಇಲ್ಲದ ಸಂಖ್ಯೆಗಳ ಸಾಲೊಂದನ್ನು ಕೂಡಬೇಕಿತ್ತು. ಸಂಖ್ಯೆಗಳನ್ನು ತನಗೆ ಬೇಕಾದಂತೆ ಹಿಂದುಮುಂದು ಜೋಡಿಸಿಕೊಂಡು ನಾಲ್ಕೇ ಗೆರೆಯಲ್ಲಿ ಕೂಡಿ ಕೊಟ್ಟಳು. ಹತ್ತಕ್ಕೆ ಸೊನ್ನೆ! ಸಿಟ್ಟು ನೆತ್ತಿಗೇರಿತು. ಉತ್ತರಪತ್ರಿಕೆ ಹಿಡಿದು ನೇರ ಮೇಡಂ ಕೋಣೆಗೆ ನುಗ್ಗಿದಳು.

"ಉತ್ತರ ಸರಿ ಇದೆಯಲ್ಲ ಮೇಡಂ?"

"ಸರಿ ಇದೆ. ಹಿಂದುಮುಂದು ಮಾಡ್ಬಹುದು ಅಂತ ಯಾರು ಹೇಳಿದ್ರು?"

"ಮೂರು ವರ್ಷ ಹೀಗೇ ಮಾಡಿದ್ದೀನಿ. ಒಂದ್ಸಲಾನೂ ತಪ್ಪಾಗಿಲ್ಲ."

"ಅದು ಕಾರಣ ಅಲ್ಲಮ್ಮ" ಎಂದು ಮೇಡಂ ಮುಂದಿನ ಪತ್ರಿಕೆಗೆ ಕೈಹಾಕಿದರು.

ಇವರದು ಬರೀ ಕೊಂಕು ಎಂದು ಅವಳು ವಾರವಿಡೀ ಗೆಳತಿಯರ ಮುಂದೆ ಬೈದುಕೊಂಡು ಓಡಾಡಿದಳು.

ಸೆಮಿಸ್ಟರ್ ಪರೀಕ್ಷೆಯಲ್ಲೂ ಅಂಥದೇ ಕೊನೆಯಿಲ್ಲದ ಸಾಲು ಬಂತು. ಈ ಸಲ ಕೊಟ್ಟ ಕ್ರಮದಲ್ಲೇ ಕೂಡಿದಳು. ಆದರೆ ಯಾವ ಅಳತೆಯನ್ನೂ ಎರಡು ಸಲ ತೆಗೆಯುವುದು ಲ್ಯಾಬಿನ ಅಭ್ಯಾಸ, ಅದು ಬಿಡಬೇಕಲ್ಲ! ತಾಳೆ ನೋಡಲು ತನ್ನ ಹಳೇ ದಾರಿಯಲ್ಲಿ, ಹಿಂದುಮುಂದು ಮಾಡಿ ಇನ್ನೊಮ್ಮೆ ಕೂಡಿದಳು. ಮೊತ್ತ ಸರಿಯಾಗಿ ಅರ್ಧಕ್ಕಿಳಿಯಿತು. ಎಲ್ಲೋ ಎಡವಿದೆ ಎಂದುಕೊಂಡು ಮೂರು ಸಲ ಮಾಡಿ ನೋಡಿದಳು. ಕೂಡಿದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅವೇ ಸಂಖ್ಯೆಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಮೊತ್ತ ಮಾತ್ರ ಬೇರೆ. ಮೇಲ್ವಿಚಾರಕರು ಹತ್ತೇ ನಿಮಿಷ ಎಂದು ಕೂಗುವವರೆಗೂ ಪೆನ್ನು ಹಿಡಿದು ಕೂತೇ ಇದ್ದಳು. ಆಮೇಲೆ ಎರಡು ಮೊತ್ತಗಳನ್ನೂ ಬರೆದು, "ಮೊದಲನೆಯದೇ ಉತ್ತರ. ಎರಡನೆಯದು ಹೊಂದುತ್ತಿಲ್ಲ, ಆದ್ದರಿಂದ ಈ ಸಾಲಿನ ಕ್ರಮ ಬದಲಿಸುವಂತಿಲ್ಲ" ಎಂದು ಸೇರಿಸಿದಳು.

ನೂರಕ್ಕೆ ಐವತ್ತೆಂಟು ಬಂತು, ಸೀಟು ಉಳಿಯಿತು. ಮನೆಯಲ್ಲಿ ಅಮ್ಮ ಅವಳ ಮುಖ ನೋಡಿ ರೇಗಿದಳು. "ಪಾಸಾದ್ಯಲ್ಲ, ಮತ್ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀಯ?"

"ಭಯ ಆಗ್ತಿದೆ ಅಮ್ಮ. ಮೂರು ವರ್ಷ ಒಂದ್ಸಲಾನೂ ತಪ್ಪಾಗ್ಲಿಲ್ಲ. ಯಾಕೆ ಆಗ್ಲಿಲ್ಲ ಅಂತಾನೇ ನಂಗೆ ಗೊತ್ತಿಲ್ಲ."