ತೊಳೆಯದ ತಟ್ಟೆ

ನಮ್ಮ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಅಕ್ಕನಿಗೆ ಅಲ್ಲೇ ಕೆಲಸ ಮಾಡುವ ತನ್ನ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ, ಪಕ್ಕದ ಮೇಜಿನವಳಾದ ನಾನು ದಿನಾ ನೋಡುತ್ತಿದ್ದೆ. ಲ್ಯಾಬಿನ ಮುಖ್ಯಸ್ಥರಾದ ಸರ್ ಅವರ ಕೈಕಾಲು ಹಿಡಿದು ತಂಗಿಗೆ ಕೆಲಸ ಕೊಡಿಸಿದವಳು ಅವಳೇ. ಅವಳು ಬೆಳೆಸಿದ ಕೋಶಗಳಿಲ್ಲದಿದ್ದರೆ ಮೈಕ್ರೋಸ್ಕೋಪಿನಲ್ಲಿ ನೋಡಲು ತಂಗಿಗೆ ಏನಿತ್ತು, ಮಣ್ಣು? ಆದರೂ ಹೊಗಳಿಕೆಯೆಲ್ಲ ತಂಗಿಗೆ. ಈಗ ಕಾಯಂ ಹುದ್ದೆ ಖಾಲಿಯಾಗಿತ್ತು, ಅದೂ ಒಂದೇ ಒಂದು. ಸರ್ ತಂಗಿಯನ್ನು ಕರೆದಾಗಲೆಲ್ಲ ಅಕ್ಕನ ಕೈಯ ಬಾಟಲಿ ಮೇಜಿಗೆ ಸ್ವಲ್ಪ ಜೋರಾಗಿಯೇ ತಾಗುತ್ತಿತ್ತು.

ಜೀವಕೋಶದೊಳಗೆ ಹೊಕ್ಕ ಬ್ಯಾಕ್ಟೀರಿಯಾ ಅಲ್ಲಿಂದ ಪಾರಾಗುವುದು ಹೇಗೆ ಎಂಬುದು ನಮ್ಮ ಪ್ರಶ್ನೆ. ಕೋಶವನ್ನು ಒಡೆದೇ ಬರುತ್ತವೆ ಎಂದು ಸರ್ ನಂಬಿದ್ದರು. ಕೆಲವು ಬ್ಯಾಕ್ಟೀರಿಯಾ ಒಳಹೊಕ್ಕ ಮೇಲೆ, ಹೊರಗುಳಿದವುಗಳನ್ನು ಕೊಲ್ಲಲು ಕೋಶಗಳಿರುವ ತಟ್ಟೆಗೆ ಔಷಧ ಹಾಕುತ್ತೇವೆ. ಅದು ಕೋಶದೊಳಗೆ ಹೋಗದು. ಔಷಧ ಹಾಕಿದ ಗುರುತಿಗೆ ಮುಚ್ಚಳದ ಮೇಲೆ ಕೆಂಪು ಚುಕ್ಕೆ. ಆಮೇಲೆ ಔಷಧ ತೊಳೆದು ಚುಕ್ಕೆ ಅಳಿಸಬೇಕು. ಇಲ್ಲದಿದ್ದರೆ ಹೊರಬಂದವೂ ಸತ್ತು, ನೋಡಲು ಏನೂ ಉಳಿಯುವುದಿಲ್ಲ.

ಆ ಸಂಜೆ ತಂಗಿ ತಟ್ಟೆಯನ್ನು ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿಟ್ಟು ಮನೆಗೆ ಓಡಿದಳು. ಅಕ್ಕ ಅದರ ಬಾಗಿಲು ತೆರೆದು ನೋಡಿದಳು. ಚುಕ್ಕೆ ಹಾಗೇ ಇತ್ತು. ಫೋನ್ ತೆಗೆದಳು, ಮತ್ತೆ ಚೀಲಕ್ಕೆ ಹಾಕಿಕೊಂಡಳು.

"ಅವಳು ಭಾರೀ ಜಾಣೆ ಅಲ್ವಾ? ಅವಳೇ ನೋಡ್ಕೊಳ್ಲಿ. ನೀನೂ ಮಧ್ಯೆ ಬಾಯಿ ಹಾಕ್ಬೇಡ" ಎಂದಳು ನನಗೆ.

ನಾನು ಹಾಕಲಿಲ್ಲ. ಅಕ್ಕತಂಗಿಯರ ನಡುವೆ ಸಿಕ್ಕಿ ಅಪ್ಪಚ್ಚಿಯಾಗುವ ಆಸೆ ನನಗಿರಲಿಲ್ಲ.

ಮರುದಿನ ಸರ್ ಎದುರಿಗೇ ತಂಗಿ ಚುಕ್ಕೆ ಕಂಡು ಹಣೆ ಚಚ್ಚಿಕೊಂಡಳು. "ಅಯ್ಯೋ ಸರ್, ತೊಳೆಯೋದೇ ಮರ್ತಿದ್ದೀನಿ!"

ಅಕ್ಕನ ಮುಖಕ್ಕೆ ಆಗ ಬಂದ ಕಳೆಯನ್ನು ಅವಳ ಮದುವೆಯ ಫೋಟೋದಲ್ಲೂ ನಾನು ಕಂಡಿಲ್ಲ.

ಸರ್ ಸಿಡುಕುತ್ತಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಕೋಶ ಒಡೆದೇ ಇಲ್ವಲ್ಲ! ಆದ್ರೆ ಅಕ್ಕಪಕ್ಕದ ಕೋಶಗಳಲ್ಲೂ ಬ್ಯಾಕ್ಟೀರಿಯಾ ತುಂಬ್ಕೊಂಡಿದೆ. ಹೊರಗೆ ಔಷಧ ಇತ್ತು, ಬಂದಿದ್ರೆ ಸಾಯ್ತಿತ್ತು. ಇದು ಹೊರಗೆ ಕಾಲೇ ಇಟ್ಟಿಲ್ಲ ಕಣಮ್ಮ, ಗೋಡೆ ತಳ್ಕೊಂಡು ನೇರ ಪಕ್ಕದ ಮನೆಗೇ ನುಗ್ಗಿದೆ! ನೀನು ತೊಳೆದಿದ್ರೆ ನಮಗಿದು ಗೊತ್ತೇ ಆಗ್ತಿರ್ಲಿಲ್ಲ."

ಹುದ್ದೆ ಯಾರಿಗೆಂದು ಆಮೇಲೆ ಯಾರೂ ಕೇಳಬೇಕಾಗಲಿಲ್ಲ. ತಂಗಿ ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು.

"ಸದ್ಯ, ನಿನ್ನೆ ಅದು ನಿನ್ನ ಕಣ್ಣಿಗೆ ಬೀಳ್ಲಿಲ್ಲ ಅಕ್ಕ! ಬಿದ್ದಿದ್ರೆ ನೀನು ಸುಮ್ನೆ ಇರ್ತಿದ್ಯಾ? ಆಗ್ಲೇ ತೊಳೆದಿಟ್ಟು ನನ್ನ ಕಾಪಾಡಿರ್ತಿದ್ದೆ."

ಅಕ್ಕ ನನ್ನ ಕಡೆ ನೋಡದೆ, "ಹೂಂ, ಬೀಳ್ಲಿಲ್ಲ" ಎಂದಳು.